ಫ್ರಾನ್ಸಿನಿಂದ ಬಂದ ಸ್ವಾಮಿಗಳು, ಮೈಸೂರಿನ ಮೊದಲ ಧರ್ಮಾಧ್ಯಕ್ಷರು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಬಂದ ಪರಿಚಿತರಿಗೆ, ಅವರು ಕರೆತಂದ ನೆಂಟರಿಗೆ ನಾನು ಆಗಾಗ ಜೊತೆಯಾಗುತ್ತೇನೆ. ಇದು ಸಂಬಳದ ಕೆಲಸವಲ್ಲ, ಹಳೆಯ ಹೆಸರುಗಳ ಬೆನ್ನು ಹತ್ತುವ ಚಟ. ನೆಲಮಾಳಿಗೆಯಲ್ಲಿ ಮಲಗಿರುವ ಫಿಲೋಮಿನಾ ಪ್ರತಿಮೆಯನ್ನು ನೋಡಿ ಮೇಲೆ ಬಂದವರು ಅಂಗಳದಲ್ಲಿ ನೆರಳು ಹುಡುಕಿ ನಿಲ್ಲುತ್ತಾರೆ, ಚಪ್ಪಲಿ ಹಾಕಿಕೊಳ್ಳುತ್ತಲೇ ಪ್ರಶ್ನೆ ಕೇಳುತ್ತಾರೆ. "ಇಲ್ಲಿನ ಮೊದಲ ಬಿಷಪ್ ಯಾರು?" ಎಂದು ಶುರುವಾದ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಒಂದೇ ಉತ್ತರವನ್ನು ಎಷ್ಟು ಸಲ ಹೇಳುವುದು ಎನಿಸಿ ಇಲ್ಲಿ ಬರೆದಿಟ್ಟಿದ್ದೇನೆ.

ಮೈಸೂರಿನ ಮೊದಲ ಧರ್ಮಾಧ್ಯಕ್ಷರು, ಅಂದರೆ ಬಿಷಪ್, ಯಾರು?

ಎಟಿಯೆನ್ ಲೂಯಿ ಶಾರ್ಬೊನೊ. 1806ರಲ್ಲಿ ಫ್ರಾನ್ಸಿನ ವಾಯವ್ಯದಲ್ಲಿರುವ ಬ್ರಿಟ್ಟನಿ ಪ್ರಾಂತ್ಯದ ಫೂಜೇರ್ ಎಂಬ ಊರಿನಲ್ಲಿ ಹುಟ್ಟಿದರು. ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಗುರುವಾಗಿ, ಅಂದರೆ ಪಾದ್ರಿಯಾಗಿ, 1830ರಲ್ಲಿ ಭಾರತಕ್ಕೆ ಹೊರಟರು. 1840ರ ದಶಕದ ನಡುವೆ ಧರ್ಮಾಧ್ಯಕ್ಷರಾದರು, 1850ರಲ್ಲಿ ಮೈಸೂರು ಮಿಷನ್ನಿನ ಸ್ವತಂತ್ರ ಹೊಣೆ ಹೊತ್ತರು, 1873ರ ಜೂನ್ 23ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಮೈಸೂರಿನ ಧರ್ಮಾಧ್ಯಕ್ಷರು ಬೆಂಗಳೂರಿನಲ್ಲಿ ಏಕೆ ತೀರಿಕೊಂಡರು ಎಂಬ ಪ್ರಶ್ನೆ ಮುಂದೆ ಬರುತ್ತದೆ.

ಆ ಹೆಸರನ್ನು ಓದುವುದು ಹೇಗೆ?

ಶಾರ್ಬೊನೊ. ಫ್ರೆಂಚ್ ಬರಹದಲ್ಲಿ ಕೊನೆಗೊಂದು ಎಕ್ಸ್ ಇದೆ, ಅದನ್ನು ಉಚ್ಚರಿಸುವುದಿಲ್ಲ. "ಚಾರ್ಬೊನಾಕ್ಸ್" ಎಂದು ಗಟ್ಟಿಯಾಗಿ ಓದಿದವರನ್ನು ಕೇಳಿದ್ದೇನೆ. ಮೊದಲ ಸಲ ನಾನೂ ಹಾಗೆಯೇ ಓದಿದ್ದೆ. ಎಟಿಯೆನ್ ಎಂದರೆ ನಮ್ಮ ಕಡೆಯ ಸ್ತೇಫನ್, ಲ್ಯಾಟಿನ್ನಿನಲ್ಲಿ ಸ್ತೆಫಾನುಸ್.

ಮೊದಲ ಬಿಷಪ್ ಅಬ್ಬೆ ದ್ಯುಬುವಾ ಅಲ್ಲವೇ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಅಲ್ಲ. ನಮ್ಮವರು ದುಬಾಯ್, ದುಬೋಯ್ ಎಂದೆಲ್ಲ ಕರೆಯುವ ಜ್ಯಾನ್ ಆಂತ್ವಾನ್ ದ್ಯುಬುವಾ ಕೊನೆಯವರೆಗೂ ಸಾಮಾನ್ಯ ಗುರುವಾಗಿಯೇ ಉಳಿದರು. "ಅಬ್ಬೆ" ಎಂಬುದು ಫ್ರೆಂಚರು ಪಾದ್ರಿಗಳನ್ನು ಕರೆಯುವ ಗೌರವದ ಮಾತು, ಪದವಿಯಲ್ಲ. ಆದರೆ ಮೈಸೂರು ಸೀಮೆಯಲ್ಲಿ ಅವರಿಗಿದ್ದ ಹೆಸರು ಎಂಥದ್ದೆಂದರೆ, ಬಿಷಪ್ ಆಗಿಯೇ ಇದ್ದಿರಬೇಕು ಎಂದು ಜನ ಊಹಿಸುವುದು ಸಹಜ.

ಟಿಪ್ಪು ಸುಲ್ತಾನ್ 1799ರಲ್ಲಿ ಮಡಿದ ಮೇಲೆ ಶ್ರೀರಂಗಪಟ್ಟಣದಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಲು ಬಂದವರು ದ್ಯುಬುವಾ. ಗಂಜಾಂನ ಚರ್ಚು ಇಂದಿಗೂ ಅವರ ಹೆಸರಿನಲ್ಲೇ ಗುರುತಾಗುತ್ತದೆ. ದೇಶೀ ಉಡುಗೆ ತೊಟ್ಟರು, ಮಾಂಸ ಬಿಟ್ಟರು, ಹಳ್ಳಿಯವರ ಜಗುಲಿಯಲ್ಲಿ ಕುಳಿತು ಬದುಕನ್ನು ನೋಡಿ ಬರೆದರು. ಆ ಬರಹದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ಸ್ಟಾರ್ ಪಗೋಡ (ಆಗಿನ ಚಿನ್ನದ ನಾಣ್ಯ) ಕೊಟ್ಟು ಕೊಂಡಿತು. ಅದರಲ್ಲಿ ಬಹುಪಾಲು ಅವರಿಗಿಂತ ಮೊದಲಿದ್ದ ಕೇರ್ದು ಎಂಬ ಯೇಸುಸಭೆಯ (ಜೆಸ್ಯೂಟ್) ಗುರುವಿನ ಬರಹದಿಂದ ಬಂದದ್ದು ಎಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ. ನನ್ನ ಮಟ್ಟಿಗೆ ಅವರ ದೊಡ್ಡ ಕೆಲಸ ಆ ಗ್ರಂಥವಲ್ಲ, ಸಿಡುಬಿನ ಚುಚ್ಚುಮದ್ದು. 1803-04ರ ಸುಮಾರಿಗೆ ಹದಿನೆಂಟು ತಿಂಗಳಲ್ಲಿ 25,432 ಜನರಿಗೆ ಲಸಿಕೆ ಹಾಕಿಸಿದ ಲೆಕ್ಕವಿದೆ. ಸಿಡುಬನ್ನು ಅಮ್ಮನೆಂದು ಪೂಜಿಸುತ್ತಿದ್ದ ಸೀಮೆಯಲ್ಲಿ, ಊರೂರು ಅಲೆದು, ಒಬ್ಬ ಪರದೇಶಿ ಪಾದ್ರಿ ಈ ಸಂಖ್ಯೆಯನ್ನು ಮುಟ್ಟಿದ್ದನ್ನು ಈಗಿನ ಲಸಿಕೆ ಶಿಬಿರಗಳನ್ನು ನೋಡಿದವರು ಊಹಿಸಿಕೊಳ್ಳಬಹುದು.

ಇಷ್ಟೆಲ್ಲ ಮಾಡಿದವರು 1823ರಲ್ಲಿ ಕೈಚೆಲ್ಲಿ ಫ್ರಾನ್ಸಿಗೆ ಮರಳಿದರು. ಇಲ್ಲಿನ ಜನರನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ ಎಂದು ಬರೆದೂ ಬಿಟ್ಟರು. ಆಮೇಲೆ ಅವರು ಸೇರಿಕೊಂಡದ್ದು ಪ್ಯಾರಿಸ್ಸಿನಲ್ಲಿದ್ದ ತಮ್ಮ ಸಂಸ್ಥೆಯ ಸೆಮಿನರಿಯನ್ನು (ಗುರುಗಳನ್ನು ತಯಾರು ಮಾಡುವ ಶಾಲೆ), ನಿರ್ದೇಶಕರಲ್ಲಿ ಒಬ್ಬರಾಗಿ. ಶಾರ್ಬೊನೊ ಭಾರತಕ್ಕೆ ಹೊರಟದ್ದು ಅದೇ ಸೆಮಿನರಿಯಿಂದ. "ಆಗದ ಕೆಲಸ" ಎಂದು ಬರೆದವರು ಅದೇ ಸೂರಿನಡಿ ಇದ್ದಾಗ ಈ ಯುವಕ ಅದೇ ಕೆಲಸಕ್ಕೆ ಗಂಟುಮೂಟೆ ಕಟ್ಟಿದರು. ಇಬ್ಬರೂ ಮುಖಾಮುಖಿ ಕುಳಿತು ಮೈಸೂರಿನ ಬಗ್ಗೆ ಮಾತನಾಡಿದ್ದರೆ ಆ ಮಾತು ಹೇಗಿದ್ದೀತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಭಾರತದಲ್ಲಿ ಕಥೋಲಿಕ ಗುರುಗಳೆಂದರೆ ಪೋರ್ಚುಗೀಸರು. ಇಲ್ಲಿಗೆ ಫ್ರೆಂಚರು ಏಕೆ ಬಂದರು?

ಮೈಸೂರಿಗೆ ಮೊದಲು ಬಂದವರು ಯೇಸುಸಭೆಯವರೇ. ಇಟಲಿಯ ಲಿಯೊನಾರ್ಡೊ ಚಿನ್ನಾಮಿ 1640ರ ದಶಕದ ಕೊನೆಗೆ ಶ್ರೀರಂಗಪಟ್ಟಣಕ್ಕೆ ಬಂದು ಸನ್ಯಾಸಿಯ ಉಡುಗೆಯಲ್ಲಿ ಕೆಲಸ ಶುರು ಮಾಡಿದರು. ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಂಥ ಊರುಗಳ ಕ್ರೈಸ್ತ ಮನೆತನಗಳ ಬೇರು ಆ ಕಾಲದ್ದು. 1773ರಲ್ಲಿ ರೋಮ್ ಯೇಸುಸಭೆಯನ್ನೇ ವಿಸರ್ಜಿಸಿತು. ದಿಕ್ಕಿಲ್ಲದಂತಾದ ಈ ಮಿಷನ್ನನ್ನು ಪುದುಚೇರಿಯಲ್ಲಿ ನೆಲೆ ನಿಂತ ಪ್ಯಾರಿಸ್ ಮಿಷನ್ನಿನವರಿಗೆ ವಹಿಸಿದರು. ಪುದುಚೇರಿ ಫ್ರೆಂಚರದ್ದು, ಮೈಸೂರು ಅಲ್ಲಿಂದ ಘಟ್ಟ ಹತ್ತಿದರೆ ಸಿಗುತ್ತಿತ್ತು.

ಬಂದವರು ರಜೆಗೆ ಊರಿಗೆ ಹೋಗಿ ಬರುತ್ತಿದ್ದರೇ?

ಇಲ್ಲ. ಪ್ಯಾರಿಸ್ ಮಿಷನ್ನಿನ ಗುರು ಹೊರಟನೆಂದರೆ ಸಾಯುವವರೆಗೆಂದೇ ಲೆಕ್ಕ. ದ್ಯುಬುವಾ ಅವರಂತೆ ಮರಳಿದವರು ಅಪವಾದ. ಹೊರಡುವವರನ್ನು ಬೀಳ್ಕೊಡುವಾಗ ಉಳಿದವರೆಲ್ಲ ಸಾಲಾಗಿ ಬಂದು ಅವರ ಪಾದಗಳಿಗೆ ಮುತ್ತಿಡುವ ಪದ್ಧತಿ ಆ ಶತಮಾನದಲ್ಲಿ ಬೆಳೆಯಿತು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮೊದಲು ಹೊರಟವರಲ್ಲಿ ಹೆಚ್ಚಿನವರು ಆಫ್ರಿಕಾದ ತುದಿಯನ್ನು ಸುತ್ತಿ ತಿಂಗಳುಗಟ್ಟಲೆ ಹಡಗಿನಲ್ಲಿರಬೇಕಿತ್ತು. ಮನೆಯಿಂದ ಕಾಗದ ಬರುವಷ್ಟರಲ್ಲಿ ಅದರಲ್ಲಿನ ಸುದ್ದಿ ಹಳೆಯದಾಗಿರುತ್ತಿತ್ತು.

ಗುರು ಮತ್ತು ಧರ್ಮಾಧ್ಯಕ್ಷ, ಇವರಿಬ್ಬರಿಗೆ ಏನು ವ್ಯತ್ಯಾಸ? ಇದು ಬಡ್ತಿಯೇ?

ಸರ್ಕಾರಿ ಕಚೇರಿಯ ಕಣ್ಣಿನಿಂದ ನೋಡಿದರೆ ಬಡ್ತಿಯಂತೆ ಕಾಣುತ್ತದೆ. ಧರ್ಮಸಭೆಯ ಒಳಗಿನ ಲೆಕ್ಕ ಬೇರೆ. ದೀಕ್ಷೆಯಲ್ಲಿ ಮೂರು ಹಂತಗಳಿವೆ: ಉಪಯಾಜಕ, ಗುರು, ಧರ್ಮಾಧ್ಯಕ್ಷ. ಗುರು ಪೂಜೆ ಅರ್ಪಿಸಬಹುದು, ಜ್ಞಾನಸ್ನಾನ ಕೊಡಬಹುದು, ಪಾಪನಿವೇದನೆ ಕೇಳಬಹುದು. ಆದರೆ ಇನ್ನೊಬ್ಬನನ್ನು ಗುರುವನ್ನಾಗಿ ಮಾಡಲಾರ, ಅದು ಧರ್ಮಾಧ್ಯಕ್ಷರಿಂದ ಮಾತ್ರ ಸಾಧ್ಯ.

ಹಳೆಯ ಮೈಸೂರಿಗೆ ಇದು ಶಾಸ್ತ್ರದ ಸೂಕ್ಷ್ಮ ಮಾತ್ರವಾಗಿರಲಿಲ್ಲ, ಹೊಟ್ಟೆಪಾಡಿನಷ್ಟೇ ನಿಜವಾದ ತೊಂದರೆಯಾಗಿತ್ತು. ಗುರುದೀಕ್ಷೆಯಾಗಬೇಕಾದರೆ ಪುದುಚೇರಿಯ ಕಡೆಗೇ ನೋಡಬೇಕು. ಅಲ್ಲಿನ ಒಬ್ಬ ಧರ್ಮಾಧ್ಯಕ್ಷರ ಕೈಯಲ್ಲಿ ತಮಿಳು ಸೀಮೆ, ಕೊಯಮತ್ತೂರು, ಮೈಸೂರು, ಎಲ್ಲವೂ. ಇಲ್ಲಿಯವರೇ ಗುರುಗಳಾಗಿ ಇಲ್ಲಿಯೇ ಕೆಲಸ ಮಾಡಬೇಕು ಎಂದಾದರೆ ಇಲ್ಲಿಗೊಬ್ಬ ಧರ್ಮಾಧ್ಯಕ್ಷರು ಬೇಕೇಬೇಕಿತ್ತು.

ಧರ್ಮಪ್ರಾಂತ್ಯವೇ ಇಲ್ಲದಾಗ ಧರ್ಮಾಧ್ಯಕ್ಷರಾದದ್ದು ಹೇಗೆ?

ಇದು ನನಗೆ ತುಂಬ ಇಷ್ಟದ ಪ್ರಶ್ನೆ, ಉತ್ತರ ಸ್ವಲ್ಪ ಸುತ್ತು ಬಳಸಿನದು.

ಧರ್ಮಪ್ರಾಂತ್ಯವೆಂದರೆ ಒಬ್ಬ ಧರ್ಮಾಧ್ಯಕ್ಷರ ಆಡಳಿತದ ಸೀಮೆ. ಮೈಸೂರು ಧರ್ಮಪ್ರಾಂತ್ಯ ಹುಟ್ಟಿದ್ದು 1886ರಲ್ಲಿ, ಹದಿಮೂರನೆಯ ಲಿಯೊ ಜಗದ್ಗುರುಗಳು (ರೋಮಿನ ಪೋಪ್) ಭಾರತದ ಧರ್ಮಸಭೆಗೆ ಕ್ರಮಬದ್ಧ ಆಡಳಿತವನ್ನು ಕೊಟ್ಟಾಗ. ಶಾರ್ಬೊನೊ ಆಗ ತೀರಿಕೊಂಡು ಹದಿಮೂರು ವರ್ಷವಾಗಿತ್ತು. ಅವರ ಕಾಲದಲ್ಲಿ ಭಾರತದ ಧರ್ಮಪೀಠಗಳ ಮೇಲೆ ಪೋರ್ಚುಗಲ್ಲಿನ ಅರಸರಿಗೆ ಹಳೆಯ ಹಕ್ಕಿತ್ತು. ಬಿಷಪ್ಪರನ್ನು ಸೂಚಿಸುವವರು ಅವರು, ಗೋವೆಯ ಮಹಾಧರ್ಮಾಧ್ಯಕ್ಷರ ಮಾತು ಅಲ್ಲಿ ಕೊನೆಯದು. ಬ್ರಿಟಿಷರ ಕೈಯಲ್ಲಿದ್ದ ಸೀಮೆಯಲ್ಲಿ ಪೋರ್ಚುಗಲ್ ಅರಸರು ಏನೂ ಮಾಡಲಾರರು, ಹಕ್ಕನ್ನು ಬಿಡಲೂ ಒಲ್ಲರು. ಸಾಗುವಳಿ ಮಾಡದೆ ಪಹಣಿಯನ್ನು ಮಾತ್ರ ಹಿಡಿದುಕೊಂಡ ಜಮೀನುದಾರರ ಹಾಗೆ ಎಂದರೆ ಮಂಡ್ಯದವರಿಗೆ ಬೇಗ ಅರ್ಥವಾದೀತು.

ರೋಮ್ ಇದಕ್ಕೊಂದು ಉಪಾಯ ಹುಡುಕಿತ್ತು. ಹೊಸ ಧರ್ಮಪ್ರಾಂತ್ಯ ಮಾಡಿದರೆ ತಾನೇ ಜಗಳ? ಮಾಡುವುದೇ ಬೇಡ. ಜಗದ್ಗುರುಗಳ ಪ್ರತಿನಿಧಿಯಾಗಿ ಒಬ್ಬ ಧರ್ಮಾಧ್ಯಕ್ಷರನ್ನು ಕಳುಹಿಸುವುದು. ಅವರ ಹುದ್ದೆ ವಿಕಾರ್ ಅಪೊಸ್ತೊಲಿಕ್. ಆದರೆ ಧರ್ಮಾಧ್ಯಕ್ಷರೆಂದ ಮೇಲೆ ಯಾವುದಾದರೂ ಊರಿನ ಪೀಠ ಇರಲೇಬೇಕು ಎಂಬುದು ಹಳೆಯ ನಿಯಮ. ಅದಕ್ಕೆ, ಒಂದು ಕಾಲದಲ್ಲಿ ಬಿಷಪ್ಪರಿದ್ದು ಈಗ ಹಾಳು ಬಿದ್ದಿರುವ ಊರೊಂದರ ಹೆಸರನ್ನು ಕೊಡುತ್ತಿದ್ದರು. ಶಾರ್ಬೊನೊ ಅವರಿಗೆ ಸಿಕ್ಕಿದ್ದು ಯಾಸ್ಸುಸ್, ಈಗಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿದ್ದ ಪ್ರಾಚೀನ ಗ್ರೀಕ್ ಪಟ್ಟಣ.

ಹೀಗಾಗಿ ಕಾಗದದ ಮೇಲೆ ಅವರು ಟರ್ಕಿಯ ಪಾಳುಪಟ್ಟಣವೊಂದರ ಧರ್ಮಾಧ್ಯಕ್ಷರು, ಹುದ್ದೆಯಲ್ಲಿ ಮೈಸೂರಿನ ಪ್ರತಿನಿಧಿ, ವಾಸ ಬೆಂಗಳೂರಿನಲ್ಲಿ. ಪೀಠ ಇದ್ದಲ್ಲಿ ಜನ ಇಲ್ಲ, ಜನ ಇದ್ದಲ್ಲಿ ಪೀಠ ಇಲ್ಲ.

ಇದು ಹಂತ ಹಂತವಾಗಿ ನಡೆಯಿತು. ಪುದುಚೇರಿಯ ಧರ್ಮಾಧ್ಯಕ್ಷ ಕ್ಲೆಮಾನ್ ಬೊನ್ನಾನ್ 1844ರಲ್ಲಿ ತಮ್ಮ ಗುರುಗಳನ್ನೆಲ್ಲ ಸೇರಿಸಿ ಒಂದು ಸಭೆ ನಡೆಸಿದರು. ಸ್ಥಳೀಯ ಗುರುಗಳನ್ನು ತಯಾರು ಮಾಡುವುದೇ ಮುಖ್ಯ ಎಂದು ಅಲ್ಲಿ ತೀರ್ಮಾನವಾಯಿತು. ಮರುವರ್ಷ ಅವರ ವಿಶಾಲ ಸೀಮೆಯನ್ನು ಮೂರಾಗಿ ಹಂಚಲಾಯಿತು: ಪುದುಚೇರಿ, ಕೊಯಮತ್ತೂರು, ಮೈಸೂರು. ಮೈಸೂರಿನ ಪಾಲು ಶಾರ್ಬೊನೊ ಅವರಿಗೆ ಬಂತು. 1850ರಲ್ಲಿ ಅದು ಪೂರ್ತಿ ಬೇರೆಯಾಯಿತು.

ಮೈಸೂರಿನ ಧರ್ಮಾಧ್ಯಕ್ಷರು ಬೆಂಗಳೂರಿನಲ್ಲಿ ಏಕೆ ಇದ್ದರು?

ಸಂಸ್ಥಾನದ ಆಡಳಿತವೇ ಅಲ್ಲಿತ್ತು. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡರು. ಅರಸರು ಮೈಸೂರಿನ ಅರಮನೆಯಲ್ಲಿ, ಕಮಿಷನರು ಬೆಂಗಳೂರಿನಲ್ಲಿ. ಮಾರ್ಕ್ ಕಬ್ಬನ್ ಕಾಲು ಶತಮಾನಕ್ಕೂ ಮೀರಿ ಅಲ್ಲಿಂದಲೇ ಆಳಿದರು. 1881ರಲ್ಲಿ ರಾಜ್ಯ ಮರಳಿ ಒಡೆಯರ ಕೈಗೆ ಬಂತು. ಶಾರ್ಬೊನೊ ಅವರ ಇಲ್ಲಿನ ಬದುಕು ಹೆಚ್ಚುಕಡಿಮೆ ಪೂರ್ತಿಯಾಗಿ ಈ ಐವತ್ತು ವರ್ಷಗಳ ಒಳಗೇ ಬೀಳುತ್ತದೆ. ಜೊತೆಗೆ ಅಲ್ಲಿನ ದಂಡಿನಲ್ಲಿ (ಕಂಟೋನ್ಮೆಂಟ್) ಐರಿಶ್ ಸೈನಿಕರಿದ್ದರು, ಅವರಿಗೂ ಪೂಜೆ ಬೇಕು.

ಧರ್ಮಾಧ್ಯಕ್ಷರ ಪೀಠ ನಿಜವಾಗಿ ಮೈಸೂರು ನಗರಕ್ಕೆ ಬಂದದ್ದು 1940ರಲ್ಲಿ ಬೆಂಗಳೂರು ಬೇರೆ ಧರ್ಮಪ್ರಾಂತ್ಯವಾದ ಮೇಲೆ. ಅಲ್ಲಿಯವರೆಗೆ ಮೈಸೂರು ಎಂದರೆ ಊರಲ್ಲ, ಸಂಸ್ಥಾನ ಎಂದು ತಿಳಿದು ಓದಿದರೆ ಹಳೆಯ ದಾಖಲೆಗಳ ಅರ್ಧ ಗೊಂದಲ ಕರಗುತ್ತದೆ.

ಮಂಡ್ಯವೂ ಅವರ ಆಡಳಿತಕ್ಕೆ ಸೇರಿತ್ತೇ?

ಸೇರಿತ್ತು. ಆದರೆ ಮಂಡ್ಯ ಎಂಬ ಜಿಲ್ಲೆ ಆಗ ಇರಲಿಲ್ಲ, ಅದು ಆದದ್ದು 1939ರಲ್ಲಿ. ಮೈಸೂರು ಸಂಸ್ಥಾನದ ಜೊತೆಗೆ ಕೊಡಗು, ವೈನಾಡು ಕೂಡ ಮಿಷನ್ನಿನ ವ್ಯಾಪ್ತಿಯಲ್ಲಿದ್ದವು. ಇಂದು ಮೈಸೂರು ಧರ್ಮಪ್ರಾಂತ್ಯವೆಂದರೆ ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು ಜಿಲ್ಲೆಗಳು.

ಇಷ್ಟು ದೊಡ್ಡ ಸೀಮೆಯನ್ನು ಸುತ್ತುತ್ತಿದ್ದುದು ಹೇಗೆ?

ಕುದುರೆ, ಎತ್ತಿನ ಗಾಡಿ, ಕಾಲ್ನಡಿಗೆ. ಮದರಾಸಿನಿಂದ ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಬೆಂಗಳೂರಿನಿಂದ ಮೈಸೂರಿಗೆ ರೈಲು ಓಡುವ ಹೊತ್ತಿಗೆ ಶಾರ್ಬೊನೊ ಇರಲಿಲ್ಲ. ಶ್ರೀರಂಗಪಟ್ಟಣದ ಜ್ವರ ಆಗ ಹೆಸರುವಾಸಿ. ಬ್ರಿಟಿಷರೇ ಆ ಜ್ವರಕ್ಕೆ ಹೆದರಿ ದಂಡನ್ನು ಬೆಂಗಳೂರಿಗೆ ಎತ್ತಿದ್ದರು. ಪಾದ್ರಿಗಳಿಗೆ ಆ ಅನುಕೂಲವಿರಲಿಲ್ಲ. ಗಂಜಾಂ, ಪಾಲಹಳ್ಳಿಗಳ ಜನ ಅಲ್ಲೇ ಇದ್ದರಲ್ಲ.

ಅವರು ಮಾಡಿದ ಮುಖ್ಯ ಕೆಲಸಗಳು ಯಾವುವು?

ಎಲ್ಲರಿಗೂ ಕಾಣುವಂಥದ್ದು, 1854ರಲ್ಲಿ ಗುಡ್ ಶೆಫರ್ಡ್ ಸಂಸ್ಥೆಯ ಧರ್ಮಭಗಿನಿಯರನ್ನು ಫ್ರಾನ್ಸಿನ ಆಂಜೇ ನಗರದಿಂದ ಬೆಂಗಳೂರಿಗೆ ಕರೆಸಿದ್ದು. ಹೆಣ್ಣುಮಕ್ಕಳ ಶಾಲೆ ಎಂಬ ಮಾತೇ ಅಪರೂಪವಾಗಿದ್ದ ಕಾಲ ಅದು. ಮುಂದೆ ಆ ಸಿಸ್ಟರುಗಳೇ 1886ರಲ್ಲಿ ಬೆಂಗಳೂರಿನ ಸಂತ ಮಾರ್ತಾ ಆಸ್ಪತ್ರೆಯನ್ನು ಕಟ್ಟಿದರು. ಆಗ ಧರ್ಮಾಧ್ಯಕ್ಷರಾಗಿದ್ದವರು ಕೊಆದು. ಗಂಡುಮಕ್ಕಳಿಗಾಗಿ ಮಿಷನ್ನಿನವರು 1858ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸಂತ ಜೋಸೆಫರ ಶಾಲೆಯೂ ಅವರ ಕಾಲದ್ದೇ.

ಶಾಲೆಗಳ ಹೆಸರು ಎಲ್ಲರ ಬಾಯಲ್ಲಿದೆ. ನಾನು ಹೇಳಬೇಕೆಂದಿರುವುದು ಯಾರೂ ಕೇಳದ ಇನ್ನೊಂದನ್ನು.

ಯಾವುದು ಅದು?

ನಿಘಂಟು. (ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳಲಿ ಎಂದು ನಾನೇ ಸೇರಿಸಿದ್ದೇನೆ.)

1861ರಲ್ಲಿ ಬೆಂಗಳೂರಿನ ಮಿಷನ್ ಮುದ್ರಣಾಲಯದಿಂದ ಲ್ಯಾಟಿನ್-ಕನ್ನಡ ನಿಘಂಟೊಂದು ಹೊರಬಂತು. ಮುಖಪುಟದಲ್ಲಿ ಶಾರ್ಬೊನೊ ಎಂಬ ಹೆಸರಿಲ್ಲ. ಕರ್ತೃ ಎಂದು ಇರುವುದು ಯಾಸ್ಸುಸ್ಸಿನ ಧರ್ಮಾಧ್ಯಕ್ಷ, ಮೈಸೂರಿನ ವಿಕಾರ್ ಅಪೊಸ್ತೊಲಿಕ್ ಎಂಬ ಹುದ್ದೆಗಳು ಮಾತ್ರ. ಯಾಸ್ಸುಸ್ಸನ್ನು ಗೊತ್ತಿಲ್ಲದವರು ಗ್ರಂಥಾಲಯದ ಸೂಚಿಯಲ್ಲಿ ಈ ಪುಸ್ತಕವನ್ನು ಹಿಡಿಯುವುದು ಕಷ್ಟ. ಅದಕ್ಕೂ ಆರು ವರ್ಷ ಮೊದಲು, 1855ರಲ್ಲಿ, ಅದೇ ಮಿಷನ್ನಿನ ಬೂತೆಲು ಎಂಬ ಗುರು ಕನ್ನಡ-ಲ್ಯಾಟಿನ್ ನಿಘಂಟನ್ನು ತಂದಿದ್ದರು. ಕನ್ನಡ ನಿಘಂಟುಗಳ ಮಾತು ಬಂದಾಗ ನಾವು ರೀವ್, ಕಿಟೆಲ್ ಎನ್ನುತ್ತೇವೆ. ಇಬ್ಬರೂ ಪ್ರಾಟೆಸ್ಟೆಂಟ್ ಮಿಷನರಿಗಳು, ಇಬ್ಬರದೂ ಇಂಗ್ಲಿಷ್ ಜೊತೆಗಿನ ನಿಘಂಟು. ಕಿಟೆಲ್ಲರದು ಬಂದದ್ದು 1894ರಲ್ಲಿ. ಲ್ಯಾಟಿನ್ ಜೋಡಿಯನ್ನು ನಾವು ಮರೆತದ್ದಕ್ಕೆ ಕಾರಣ ಸುಲಭ: ಲ್ಯಾಟಿನ್ ಓದುವವರು ನಮ್ಮಲ್ಲಿ ಎಷ್ಟು ಜನ?

ಲ್ಯಾಟಿನ್ ಏಕೆ ಎಂದರೆ, ಆಗ ಜಗತ್ತಿನಾದ್ಯಂತ ಹೆಚ್ಚಿನ ಕಥೋಲಿಕರ ಪೂಜೆ ನಡೆಯುತ್ತಿದ್ದುದು ಆ ಭಾಷೆಯಲ್ಲೇ, 1960ರ ದಶಕದವರೆಗೂ. ಗುರುವಾಗಬೇಕೆಂದ ಹಳ್ಳಿಯ ಹುಡುಗ ಲ್ಯಾಟಿನ್ ಕಲಿಯದೆ ಗತಿಯಿಲ್ಲ. ಅವನ ಕೈಗೆ ಫ್ರೆಂಚ್ ನಿಘಂಟು ಕೊಟ್ಟು ಪ್ರಯೋಜನವೇನು? ಲ್ಯಾಟಿನ್ ಪದಕ್ಕೆ ನೇರವಾಗಿ ಕನ್ನಡದ ಅರ್ಥ ಸಿಗಬೇಕು. ಫ್ರಾನ್ಸಿನಿಂದ ಬಂದ ಗುರುವಿಗೆ ಬೇಕಾದದ್ದು ಇದರ ತಿರುಗು, ಗೌಡರು ಹೇಳಿದ ಕನ್ನಡದ ಮಾತಿಗೆ ತಾನು ಓದಿಕೊಂಡ ಲ್ಯಾಟಿನ್. ಎರಡೂ ನಿಘಂಟುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸೇತುವೆಯ ಎರಡು ದಡದಿಂದಲೂ ಕೆಲಸ ನಡೆದಿತ್ತು ಎಂದು ತಿಳಿಯುತ್ತದೆ.

ಪದ ಹುಡುಕುವುದೇ ಒಂದು ಧರ್ಮಸಂಕಟ. ದೇವರನ್ನು ಏನೆಂದು ಕರೆಯಬೇಕು? ಶಿವನೆನ್ನಲಾಗದು, ಬರಿಯ ದೇವರು ಎಂದರೆ ಯಾವ ದೇವರು? ಹಳೆಯ ಮಿಷನರಿಗಳು ಹಿಡಿದ ಪದ "ಸರ್ವೇಶ್ವರ". ಇಂದಿಗೂ ಕಥೋಲಿಕರ ಕನ್ನಡ ಬೈಬಲಿನಲ್ಲಿ ಸರ್ವೇಶ್ವರ ಎಂದಿದೆ, ಪ್ರಾಟೆಸ್ಟೆಂಟರ ಹಳೆಯ ಬೈಬಲಿನಲ್ಲಿ ಯೆಹೋವ. ಪೂಜೆ, ಪರಮಪ್ರಸಾದ, ಜಪಸರ, ಗುರು, ತೇರು: ಈ ಪದಗಳನ್ನು ಕೇಳಿದ ನೆಂಟರೊಬ್ಬರು "ಇದೇನು, ಎಲ್ಲ ನಮ್ಮದೇ ಇದೆಯಲ್ಲ" ಎಂದಿದ್ದರು. ನಮ್ಮದೇ. ಭಾಷೆ ಒಂದೇ ಆದ ಮೇಲೆ ಬೇರೆ ಎಲ್ಲಿಂದ ತರುವುದು? ಊರಿನ ಮಾತಿನಲ್ಲಿ ಇಲ್ಲದ್ದನ್ನು ಹೊರಗಿನಿಂದ ಹೊತ್ತು ತರುವುದಕ್ಕಿಂತ ಊರಲ್ಲಿ ಇರುವ ಪದಕ್ಕೆ ಹೊಸ ಹೊರೆ ಹೊರಿಸುವುದನ್ನು ಆ ತಲೆಮಾರು ಆರಿಸಿಕೊಂಡಿತು.

ಧರ್ಮಾಧ್ಯಕ್ಷರೊಬ್ಬರು ದಿನದ ಆಡಳಿತ, ಜಗಳ, ಕಾಗದಪತ್ರಗಳ ನಡುವೆ ಕುಳಿತು ಪದಕ್ಕೆ ಪದ ಜೋಡಿಸುತ್ತಿದ್ದರು. ಚರ್ಚಿನ ಗೋಪುರಕ್ಕಿಂತ ಈ ಚಿತ್ರ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿದೆ.

ಅವರ ಜನರೆಲ್ಲ ಕನ್ನಡದವರೇ ಆಗಿದ್ದರೇ?

ಅಲ್ಲ. ಹಳ್ಳಿಗಳಲ್ಲಿ ಕನ್ನಡ, ಬೆಂಗಳೂರು ದಂಡಿನಲ್ಲಿ ತಮಿಳು, ಸೈನಿಕರಿಗೆ ಇಂಗ್ಲಿಷ್. ಪೂಜೆ ಯಾವ ಭಾಷೆಯಲ್ಲಿ ಎಂಬ ಜಗಳವನ್ನು ನಮ್ಮ ಕಾಲದಲ್ಲಿ ಕಂಡವರಿಗೆ ಇದು ಹೊಸದೆನಿಸುವುದಿಲ್ಲ. ಆಗ ಪೂಜೆ ಲ್ಯಾಟಿನ್ನಿನಲ್ಲಿತ್ತಾದ್ದರಿಂದ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಆ ವಿಷಯದಲ್ಲಿ ಎಲ್ಲರೂ ಸಮ. ಪ್ರಸಂಗ ಮತ್ತು ಪಾಪನಿವೇದನೆಯಲ್ಲಿ ಮಾತ್ರ ಭಾಷೆ ಬೇಕೇಬೇಕು.

ಬಲವಂತದ ಮತಾಂತರ ಮಾಡಿದರೇ? ಜಾತಿಯ ವಿಷಯದಲ್ಲಿ ಅವರ ನಿಲುವೇನು?

ಕೇಳುವವರ ದನಿ ಇಲ್ಲಿ ಸ್ವಲ್ಪ ಬದಲಾಗುತ್ತದೆ. ನೇರವಾಗಿ ಹೇಳುತ್ತೇನೆ. ಫ್ರೆಂಚ್ ಗುರುಗಳ ಕೈಯಲ್ಲಿ ಅಧಿಕಾರವಿರಲಿಲ್ಲ. ಆಡಳಿತ ಪ್ರಾಟೆಸ್ಟೆಂಟ್ ಬ್ರಿಟಿಷರದು, ಅರಮನೆ ಒಡೆಯರದು. ಬಂದೂಕು ಹಿಡಿದು ಯಾರನ್ನೂ ಬದಲಿಸುವ ಸ್ಥಿತಿಯಲ್ಲಿ ಅವರು ಇರಲಿಲ್ಲ. ಹಾಗೆಂದು ಅವರು ಮತಪ್ರಚಾರಕ್ಕೆ ಬಂದವರಲ್ಲ ಎನ್ನುವುದೂ ಸುಳ್ಳು. ಅದಕ್ಕೇ ಬಂದವರು. 1876-78ರ ಭೀಕರ ಬರಗಾಲದಲ್ಲಿ, ಅಂದರೆ ಶಾರ್ಬೊನೊ ನಂತರ, ಮಿಷನ್ನು ಅನಾಥ ಮಕ್ಕಳನ್ನು ಸಾಕಿತು, ಅವರಿಗಾಗಿ ಬೆಂಗಳೂರಿನ ಬಳಿ ಸಿಲುವೇಪುರದಂಥ ಊರುಗಳೇ ಎದ್ದವು. ಆ ಮಕ್ಕಳು ಕ್ರೈಸ್ತರಾದರು. ಹಸಿದ ಮಗುವಿಗೆ ಅನ್ನವಿಟ್ಟದ್ದನ್ನೂ, ಆ ಮಗುವಿನ ಧರ್ಮ ಬದಲಾದದ್ದನ್ನೂ ಒಟ್ಟಿಗೆ ನೋಡಬೇಕು. ಒಂದನ್ನೇ ಹೇಳಿ ಇನ್ನೊಂದನ್ನು ನುಂಗುವವರು ಎರಡೂ ಕಡೆ ಇದ್ದಾರೆ.

ಜಾತಿಯ ವಿಷಯ ಇನ್ನೂ ಕಗ್ಗಂಟು. ಚರ್ಚಿನೊಳಗೂ ಜಾತಿ ಬಂದು ಕುಳಿತಿತ್ತು. ಊರಿನ ಆಚಾರಗಳಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬಹುದು ಎಂದು ಗುರುಗಳಲ್ಲೇ ಒಮ್ಮತವಿರಲಿಲ್ಲ. ಪಕ್ಕದ ಕೊಯಮತ್ತೂರಿನ ಪಾಲು ವಹಿಸಿಕೊಂಡ ಮಾರಿಯೋನ್ ದ ಬ್ರೆಸಿಯಾಕ್ ಈ ಗೊಂದಲವನ್ನು ತಾಳಲಾರದೆ 1855ರಲ್ಲಿ ಧರ್ಮಾಧ್ಯಕ್ಷ ಹುದ್ದೆಯನ್ನೇ ಬಿಟ್ಟರು. ಮನಸ್ಸಾಕ್ಷಿ ಒಪ್ಪದೆ ಹೊರಟು, ಆಫ್ರಿಕಾಕ್ಕಾಗಿ ಬೇರೊಂದು ಮಿಷನ್ ಸಂಸ್ಥೆಯನ್ನು ಕಟ್ಟಿ, 1859ರಲ್ಲಿ ಫ್ರೀಟೌನಿನಲ್ಲಿ ಹಳದಿ ಜ್ವರಕ್ಕೆ ಬಲಿಯಾದರು. ಶಾರ್ಬೊನೊ ಇಲ್ಲೇ ಉಳಿದರು. ಬಿಟ್ಟುಹೋದವರ ದಿಟ್ಟತನವೂ ಉಳಿದವರ ತಾಳ್ಮೆಯೂ ನನಗೆ ಅರ್ಥವಾಗುತ್ತವೆ. ಉಳಿದವರು ಜಾತಿಯೊಡನೆ ಮಾಡಿಕೊಂಡ ರಾಜಿಯ ಬೆಲೆಯನ್ನು ತೆತ್ತವರು ಮಾತ್ರ ಚರ್ಚಿನ ಹಿಂದಿನ ಸಾಲಿನಲ್ಲಿ ಕುಳಿತವರು, ಅದನ್ನು ಮರೆಯಬಾರದು.

ಅವರು ಮೈಸೂರು ಬಿಟ್ಟು ಬೇರೆಡೆ ಕೆಲಸ ಮಾಡಿದರೇ?

ರೋಮ್ ಭಾರತದ ಮಿಷನ್ನುಗಳನ್ನೆಲ್ಲ ಪರಿಶೀಲಿಸಲು ಬೊನ್ನಾನರನ್ನು ನೇಮಿಸಿತ್ತು. ಅವರು ಪ್ರವಾಸದ ನಡುವೆಯೇ, 1861ರ ಮಾರ್ಚಿನಲ್ಲಿ, ಕಾಶಿಯಲ್ಲಿ ತೀರಿಕೊಂಡರು. ಉಳಿದ ಪರಿಶೀಲನೆಯನ್ನು ಶಾರ್ಬೊನೊ ಮುಂದುವರಿಸಿದರು. ನಿಘಂಟು ಅಚ್ಚಾದ ವರ್ಷ, ತಮ್ಮನ್ನು ಬೆಳೆಸಿದ ಹಿರಿಯರು ಹೋದ ವರ್ಷ, ಉತ್ತರ ಭಾರತದ ದಾರಿ ಹಿಡಿದ ವರ್ಷ, ಮೂರೂ ಒಂದೇ.

ಸ್ಥಳೀಯರೊಬ್ಬರು ಮೈಸೂರಿನ ಧರ್ಮಾಧ್ಯಕ್ಷರಾದದ್ದು ಯಾವಾಗ?

1960ರ ದಶಕದಲ್ಲಿ, ಮಥಾಯಸ್ ಫರ್ನಾಂಡಿಸ್ ಅವರಿಂದ. ಶಾರ್ಬೊನೊ ನಂತರ ಶೆವಾಲಿಯೇ, ಕೊಆದು, ಕ್ಲೈನರ್, ಬಾಲ್, ತೇಸಿಯೇ, ದೆಸ್ಪಾತ್ಯೂರ್, ಫ್ಯೂಗಾ ಎಂದು ಫ್ರೆಂಚರ ಸಾಲು ಮುಂದುವರಿಯಿತು. ಸ್ಥಳೀಯ ಗುರುಗಳೇ ನಮ್ಮ ಗುರಿ ಎಂದು ಹದಿನೇಳನೆಯ ಶತಮಾನದಲ್ಲಿ ಹುಟ್ಟಿದ ಸಂಸ್ಥೆ, ಅದನ್ನೇ 1844ರಲ್ಲಿ ಮತ್ತೆ ತೀರ್ಮಾನಿಸಿದ ಸಭೆ, ಆದರೂ ಪೀಠ ಇಲ್ಲಿಯವರ ಕೈಗೆ ಬರಲು 1850ರಿಂದ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಬೆಂಗಳೂರಿನಲ್ಲಿ ಸ್ವಾತಂತ್ರ್ಯಕ್ಕೂ ಮೊದಲೇ, 1942ರಲ್ಲಿ, ಥಾಮಸ್ ಪೋತಕಮೂರಿ ಧರ್ಮಾಧ್ಯಕ್ಷರಾಗಿದ್ದರು. ಮೈಸೂರು ಇಷ್ಟು ತಡ ಮಾಡಬಾರದಿತ್ತು.

ಫಿಲೋಮಿನಾ ಚರ್ಚನ್ನು ಕಟ್ಟಿಸಿದ್ದು ಶಾರ್ಬೊನೊ ಅಲ್ಲವೇ?

ಅಲ್ಲ. ಈಗಿನ ಕಟ್ಟಡಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ್ದು 1933ರ ಅಕ್ಟೋಬರ್ 28ರಂದು. ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬು ಚೆಟ್ಟಿಯವರು ಸಂತ ಫಿಲೋಮಿನಾ ಅವರ ಪವಿತ್ರ ಅವಶೇಷವನ್ನು ತರಿಸಿಕೊಟ್ಟರು, ಕೊಶೆ ಎಂಬ ಗುರು ಚರ್ಚಿನ ಕೆಲಸಕ್ಕೆ ಮಹಾರಾಜರ ನೆರವು ಕೇಳಿದರು. ಜೋಡಿ ಗೋಪುರಗಳ ಎತ್ತರ ಸುಮಾರು 175 ಅಡಿ. ಆದರೆ ಆ ಜಾಗದಲ್ಲಿ 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಸಣ್ಣ ಚರ್ಚೊಂದಿತ್ತು. ಶಾರ್ಬೊನೊ ಕಂಡ ಮೈಸೂರಿನ ಚರ್ಚು ಅದು. ಪಕ್ಕಕ್ಕೆ ಇನ್ನೊಂದು ಮಾತು: ಸಂತ ಫಿಲೋಮಿನಾ ಕಾಲೇಜನ್ನು 1946ರಲ್ಲಿ ಸ್ಥಾಪಿಸಿದವರು ರೆನೆ ಫ್ಯೂಗಾ. ಅವರೂ ಪ್ಯಾರಿಸ್ ಮಿಷನ್ನಿನ ಗುರುವಾಗಿ ಬಂದು ಧರ್ಮಾಧ್ಯಕ್ಷರಾದವರೇ. ಹೆಸರುಗಳು ಬೆರೆತುಹೋಗುವುದು ಇಲ್ಲಿಂದಲೇ ಇರಬೇಕು.

ಈಗ ಧರ್ಮಾಧ್ಯಕ್ಷರಾಗಲು ಏನು ಬೇಕು?

ಕನಿಷ್ಠ ಮೂವತ್ತೈದು ವರ್ಷ ವಯಸ್ಸು, ಗುರುದೀಕ್ಷೆಯಾಗಿ ಐದು ವರ್ಷ, ಧರ್ಮಶಾಸ್ತ್ರದಲ್ಲಿ ಒಳ್ಳೆಯ ಓದು. ದೇಶದಲ್ಲಿರುವ ಜಗದ್ಗುರುಗಳ ರಾಯಭಾರಿ ಗುಟ್ಟಾಗಿ ವಿಚಾರಿಸಿ ಮೂರು ಹೆಸರು ಕಳುಹಿಸುತ್ತಾರೆ, ಆಯ್ಕೆ ಜಗದ್ಗುರುಗಳದು. ಅರ್ಜಿ ಹಾಕುವಂತಿಲ್ಲ. ಎಪ್ಪತ್ತೈದು ತುಂಬಿದಾಗ ರಾಜೀನಾಮೆ ಪತ್ರ ಕೊಡಬೇಕು. ಶಾರ್ಬೊನೊ ಕಾಲದಲ್ಲಿ ನಿವೃತ್ತಿಯ ವಯಸ್ಸೆಂಬುದು ಇರಲಿಲ್ಲ, ಅವರು ಅರವತ್ತೇಳರಲ್ಲಿ ಹುದ್ದೆಯಲ್ಲಿದ್ದಾಗಲೇ ತೀರಿಕೊಂಡರು.

ಈ ಚರಿತ್ರೆಯ ಜಾಡು ಹಿಡಿದು ಒಂದು ದಿನ ಸುತ್ತಬೇಕೆಂದರೆ ಎಲ್ಲಿಗೆ ಹೋಗಬೇಕು?

ಮೈಸೂರಿನ ದೊಡ್ಡ ಚರ್ಚನ್ನು ಕೊನೆಗೆ ಇಟ್ಟುಕೊಳ್ಳಿ. ಬೆಳಗ್ಗೆಯೇ ಶ್ರೀರಂಗಪಟ್ಟಣಕ್ಕೆ ಹೋಗಿ ಗಂಜಾಂನ ಅಬ್ಬೆ ದ್ಯುಬುವಾ ಚರ್ಚನ್ನು ನೋಡಿ. ಕಟ್ಟಡ ಸಣ್ಣದು, ಆಡಂಬರವಿಲ್ಲ, ಗುಂಬಜ್ ನೋಡಿ ಬಂದ ಜನ ಇದನ್ನು ದಾಟಿಕೊಂಡೇ ಹೋಗಿಬಿಡುತ್ತಾರೆ. ಅಲ್ಲಿಂದ ಪಾಲಹಳ್ಳಿ. ಸಮಯವಿದ್ದರೆ ಕೆ.ಆರ್. ನಗರದ ಕಡೆಗೆ ಡೋರನಹಳ್ಳಿಗೆ ಹೋಗಬಹುದು. ಗೌಡರೊಬ್ಬರ ನೇಗಿಲಿಗೆ ಸಿಕ್ಕಿತೆಂದು ಜನ ಹೇಳುವ ಸಂತ ಅಂತೋಣಿಯವರ ಮರದ ಪ್ರತಿಮೆಯಿಂದ ಬೆಳೆದ ಕ್ಷೇತ್ರ ಅದು, 2019ರಲ್ಲಿ ಬಸಿಲಿಕ (ರೋಮ್ ವಿಶೇಷ ಗೌರವ ಕೊಟ್ಟ ಚರ್ಚು) ಆಯಿತು. ಜೂನ್ 13ರ ಹಬ್ಬದ ದಿನ ಹೋಗುವುದಾದರೆ ಕಾರು ಬೇಡ, ಬಸ್ಸೇ ವಾಸಿ. ನಿಲ್ಲಿಸಲು ಜಾಗ ಸಿಗುವುದಿಲ್ಲ. ಗಂಜಾಂನಲ್ಲಿ ಬಾಗಿಲು ಮುಚ್ಚಿದ್ದರೆ ಅಕ್ಕಪಕ್ಕದ ಮನೆಯಲ್ಲಿ ಕೇಳಿ, ಬೀಗದ ಕೈ ಯಾರ ಬಳಿ ಇದೆ ಎಂದು ಅವರಿಗೆ ಗೊತ್ತಿರುತ್ತದೆ.